ಠಾಣೆಯ ಪಡಸಾಲೆಯಲ್ಲಿ ಬೀರಪ್ಪ

ಸತ್ತವರು ಕಾಣಿಸಿಕೊಳ್ಳುತ್ತಾರೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ವಕೀಲಿ ಓದಿದವನು ನಾನು, ಸಾಕ್ಷಿಯಿಲ್ಲದ ಮಾತಿಗೆ ಬೆಲೆ ಕೊಡಬಾರದೆಂದು ಕಲಿತವನು. ಈಗ ಬರೆಯುತ್ತಿರುವುದಕ್ಕೂ ಸಾಕ್ಷಿಯಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಎಪ್ಪತ್ತೈದರ ತುರ್ತು ಪರಿಸ್ಥಿತಿ ಇನ್ನೂ ಬಂದಿರಲಿಲ್ಲ, ಆದ್ದರಿಂದ ಪುಸ್ತಕದಲ್ಲಿದ್ದ ಹಕ್ಕುಗಳೆಲ್ಲ ಜಾರಿಯಲ್ಲೇ ಇದ್ದವು. ಸಿಂದಗಿಯಲ್ಲಿ ನಾನು ಹೊಸದಾಗಿ ವಕೀಲಿ ಶುರುಮಾಡಿದ್ದೆ. ಒಂದು ಬೆಳಿಗ್ಗೆ ಮೋರಟಗಿ ಕಡೆಯ ಸಿದ್ದವ್ವ ಬಂದಳು. ಅವಳ ಗಂಡ ಬೀರಪ್ಪ ಕುರಿಗಾರ. ಗೊಬ್ಬರಕ್ಕೆಂದು ಪ್ರತಿ ಬೇಸಿಗೆ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದವನು. ಯಾರದೋ ಬಾವಿಯ ಪಂಪಿನ ಮೋಟಾರು ಕಳುವಾಗಿತ್ತು. ಆ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋದದ್ದಕ್ಕೆ ಪೊಲೀಸರು ಅವನನ್ನು ಎಳೆದೊಯ್ದಿದ್ದರು.

"ಭಾಳ ದಿನ ಆತ್ರಿ ವಕೀಲ್ರ. ಠಾಣ್ಯಾಗ ಕೇಳಿದ್ರ ಅಂವ ಇಲ್ಲಿಲ್ಲ ಅಂತಾರ್ರಿ," ಎಂದಳು.

ಹಿಡಿದವನನ್ನು ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ವಕೀಲನನ್ನು ಕಾಣಲು ಬಿಡಬೇಕು. ಇಷ್ಟು ಹೇಳಿದರೆ ಠಾಣೆಯ ಫೌಜದಾರ ಮಣಿಯುತ್ತಾನೆಂದು ನಂಬುವ ವಯಸ್ಸು ನನ್ನದು. ಆ ಠಾಣೆ ಯಾವ ಊರಿನದೆಂದು ಬರೆಯುವುದಿಲ್ಲ.

ಸಿದ್ದವ್ವನನ್ನು ಎದುರಿನ ಚಹಾದಂಗಡಿಯಲ್ಲಿ ಕೂರಿಸಿ ಒಳಗೆ ಹೋದಾಗ ನಡುಮಧ್ಯಾಹ್ನ. ಫೌಜದಾರ ಊಟಕ್ಕೆ ಹೋಗಿದ್ದ. ಒಬ್ಬ ಪೇದೆ ಮೇಜಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಹಿಂದಿನ ಪಡಸಾಲೆಯಲ್ಲಿ ಬೀರಪ್ಪ ಗೋಡೆಗೆ ಒರಗಿ ಕುಳಿತಿದ್ದ. ಆ ಬಿಸಿಲಲ್ಲೂ ಕಂಬಳಿ ಹೊದ್ದಿದ್ದ.

"ಬೀರಪ್ಪಣ್ಣ, ಹೊಡದಾರೇನು?"

ಅವನು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡ. "ಮೋಟರ್ ನಾ ಕದ್ದಿಲ್ರಿ, ಸಣ್ಣ ಸಾವ್ಕಾರ್ರ," ಎಂದ.

"ಪೊಲೀಸ್ರ ಮುಂದ ಒಪ್ಪಿಕೊಂಡ್ರೂ ಅದು ಕೋರ್ಟಿನ್ಯಾಗ ನಡ್ಯೂದಿಲ್ಲ. ನಿನ್ನ ಮ್ಯಾಲ ನೀನ ಸಾಕ್ಷಿ ಹೇಳಬೇಕಂತ ಕಾನೂನಿಲ್ಲ. ಸುಮ್ಮನ ಕುಂಡ್ರು."

"ಸುಮ್ಮನ ಕುಂಡ್ರಬಹುದೇನ್ರಿ?"

"ಹೌದು, ಅದು ನಿನ್ನ ಹಕ್ಕು."

ಅವನು ನನ್ನನ್ನೇ ನೋಡಿದ. "ಇದನ್ನ ಮೊದಲ ಯಾರರ ಹೇಳಿದ್ರ ಚಲೋ ಇತ್ರಿ," ಎಂದ.

ಹೊರಗೆ ಜೀಪು ನಿಂತ ಸದ್ದಾಯಿತು. ನಾನು ಮುಂದಿನ ಕೋಣೆಗೆ ಬಂದೆ. ಬೀರಪ್ಪನ ಬಗ್ಗೆ ಕೇಳಿದ್ದಕ್ಕೆ ಫೌಜದಾರ ನಕ್ಕ. "ಯಾವ ಬೀರಪ್ಪರಿ? ನಾವು ಯಾರನ್ನೂ ಹಿಡದಿಲ್ಲ." ಫೌಜದಾರನನ್ನೇ ಕರೆದುಕೊಂಡು ಪಡಸಾಲೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಹೊರಹೋಗಲು ಬೇರೆ ಬಾಗಿಲೂ ಇರಲಿಲ್ಲ. ಎಲ್ಲೋ ಅಡಗಿಸಿದ್ದಾರೆ ಎಂದುಕೊಂಡೆ. ಜೀವಂತ ಇದ್ದಾನೆ, ಮಾತಾಡಿದ ಎಂದು ಸಿದ್ದವ್ವನಿಗೆ ಹೇಳಿದೆ. ಅವಳು ಅಲ್ಲೇ ರಸ್ತೆಯ ಮೇಲೆ ಕೈಮುಗಿದಳು.

ಮರುದಿನ ಹಾಳುಬಾವಿಯೊಂದರಲ್ಲಿ ಅವನ ಹೆಣ ತೇಲಿತು. ಸತ್ತು ಎರಡು ದಿನವಾಗಿದೆ ಎಂದು ಡಾಕ್ಟರು ಬರೆದರು.

ಪೊಲೀಸರಿಗೆ ಹೆದರಿ ಓಡುವಾಗ ಬಿದ್ದನೆಂದು ಕಥೆಯಾಯಿತು. ಹಿಡಿದೊಯ್ದದ್ದನ್ನು ಕಂಡವರು ವಿಚಾರಣೆಯ ಹೊತ್ತಿಗೆ ಏನೂ ಕಂಡಿಲ್ಲವೆಂದರು. ಅವನನ್ನು ಠಾಣೆಯಲ್ಲಿ ನೋಡಿದ ಸಾಕ್ಷಿ ನಾನೊಬ್ಬನೇ ಉಳಿದೆ. ಪ್ರಮಾಣ ಮಾಡಿ ಹೇಳಿದೆ. ವಿಚಾರಣೆಯ ಅಧಿಕಾರಿ ಡಾಕ್ಟರರ ವರದಿಯನ್ನು ನನ್ನತ್ತ ಸರಿಸಿದರು. "ವಕೀಲ್ರ, ನೀವು ಹೇಳೂ ಹೊತ್ತಿಗೆ ಅಂವ ಸತ್ತು ಒಂದು ದಿನ ಆಗಿತ್ತು."

ಭೇಟಿಯನ್ನು ಒಂದು ದಿನ ಹಿಂದಕ್ಕೆ ಸರಿಸಿ ಹೇಳು ಎಂದು ಹಿರಿಯ ವಕೀಲರೊಬ್ಬರು ಕಿವಿಯಲ್ಲಿ ಹೇಳಿದರು. ಆದರೆ ಭೇಟಿಯ ಹಿಂದಿನ ದಿನವಿಡೀ ನಾನು ಮುದ್ದೇಬಿಹಾಳದ ಕೋರ್ಟಿನಲ್ಲಿ ವಾದ ಮಾಡುತ್ತಿದ್ದೆ. ಸುಳ್ಳಿಗೂ ದಾರಿಯಿರಲಿಲ್ಲ. ಪ್ರಕರಣ ಮುಚ್ಚಿಹೋಯಿತು. ಸಿದ್ದವ್ವ ಮತ್ತೆ ನನ್ನಲ್ಲಿಗೆ ಬರಲಿಲ್ಲ.

ಬಹಳ ದಿನಗಳ ಮೇಲೆ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ, ಅಂದು ತೂಕಡಿಸುತ್ತಿದ್ದ ಪೇದೆ ನನ್ನ ಗುರುತು ಹಿಡಿದು ಹತ್ತಿರ ಬಂದ. ಆಚೀಚೆ ನೋಡಿ, ಮೆಲ್ಲಗೆ ಕೇಳಿದ:

"ಸಾಹೇಬ್ರ, ಅವತ್ತ ಪಡಸಾಲ್ಯಾಗ ನೀವೊಬ್ರ ಮಾತಾಡಾಕತ್ತಿದ್ರಿ. ಖರೇನ ಅಂವ ಇದ್ನೇನ್ರಿ?"

"ಇದ್ದ."

"ನನ್ನ ಹೆಸರ ಏನರ ಹೇಳಿದ್ನೇನ್ರಿ?"

ಇಲ್ಲ ಎಂದೆ. ಅವನ ಮುಖ ಸಡಿಲವಾಯಿತು. ನಮಸ್ಕಾರ ಮಾಡಿ ಇಂಡಿ ಪಟ್ಟಣದ ಬಸ್ಸು ಹತ್ತಿದ. ನಾನು ಯಾರೊಡನೆ ಮಾತಾಡಿದೆನೋ ನನಗೆ ಇಂದಿಗೂ ತಿಳಿದಿಲ್ಲ. ಆದರೆ ನನ್ನ ಮಾತನ್ನು ನಂಬಿದವನು ಆ ಪೇದೆಯೊಬ್ಬನೇ.