ಕೈ ನಿಮ್ಮದೇ ಇರಲಿ ಅನ್ನುವ ರವೂಫಾಕ

ಮಡಂತ್ಯಾರಿನಲ್ಲಿ ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಪೇಟೆಯ ಹಿಂಬದಿಯಲ್ಲಿ ಯಾರೂ ಆಡದೆ ಬಿಟ್ಟ ಷಟಲ್ ಕೋರ್ಟೊಂದಿದೆ. ಅದರ ಸಿಮೆಂಟು ನೆಲದ ಮೇಲೆ ಬಿಳಿ ಕಾರೊಂದು ಗೋಡೆಗೆ ಮುಖ ಮಾಡಿ ನಿಂತಿದೆ. ಬಾನೆಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಸ್ಕ್ರೂ ಬಿಗಿಯುತ್ತಿರುವವರು ಶಶಿಪ್ರಭಾ, ಕಾರಿನ ಯಜಮಾನಿ. ಬಳೆಗಳನ್ನು ಕಳಚಿ ಸ್ಟೀಲ್ ಬಟ್ಟಲಿಗೆ ಹಾಕಿದ್ದಾರೆ, ಕರಿಮಣಿಯನ್ನು ಚೂಡಿದಾರದ ಒಳಗೆ ಸೇರಿಸಿದ್ದಾರೆ. ಎರಡು ಮಾರು ಆಚೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹಾಲು ಹಾಕದ ಕಣ್ಣ ಚಾ ಕುಡಿಯುತ್ತಾ, 'ಇನ್ನು ಅರ್ಧ ಸುತ್ತು ಅಕ್ಕ... ಹಾಂ, ಸಾಕು. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಒಡೀತದೆ' ಎನ್ನುತ್ತಿರುವವರೇ ಅಬ್ದುಲ್ ರವೂಫ್. ಊರಿಗೆಲ್ಲ ರವೂಫಾಕ.

ಗಿರಾಕಿ ಬೆವರು ಸುರಿಸುವುದು, ಮೆಕ್ಯಾನಿಕ್ ಚಾ ಕುಡಿಯುವುದು. ಪೇಪರಿಗೆ ಬರೆಯಲೆಂದು ಬಂದು ಮೊದಲ ಸಲ ನೋಡಿದಾಗ ನನಗೂ ಇದೆಂಥ ಅಂಗಡಿಯಪ್ಪಾ ಅನಿಸಿತ್ತು. ಆದರೆ ವೇಣೂರಿನಿಂದ ಉಜಿರೆಯವರೆಗೆ ಮನೆಯ ಕಾರಿಗೆ ಫಾಗ್ ಲ್ಯಾಂಪು, ರಿವರ್ಸ್ ಕ್ಯಾಮೆರಾ, ಹಾರ್ನು, ಮೊಬೈಲ್ ಚಾರ್ಜರು ಎಂದು ಏನೇ ಹಾಕಿಸಬೇಕಿದ್ದರೂ ಜನ ಇಲ್ಲಿಗೇ ಬರುತ್ತಾರೆ. ಹಾಕಿಸಲು ಬಂದವರು ಹಾಕಿಕೊಂಡು ಹೋಗುತ್ತಾರೆ. ರವೂಫಾಕ ಸಾಮಾನು ಮಾರುತ್ತಾರೆ, ಸ್ಪ್ಯಾನರ್ ಕೊಡುತ್ತಾರೆ, ಹೇಳಿಕೊಡುತ್ತಾರೆ. ಕಾರನ್ನು ಮಾತ್ರ ಮುಟ್ಟುವುದಿಲ್ಲ.

ಮುಟ್ಟುವುದಿಲ್ಲ ಅನ್ನುವುದಕ್ಕಿಂತ ಮುಟ್ಟಲಾಗುವುದಿಲ್ಲ ಅನ್ನುವುದೇ ಸರಿ. ಅವರ ಬಲಗೈಯ ಬೆರಳುಗಳು ಮಡಚುವುದಿಲ್ಲ. ಸೌದಿಯ ದಮ್ಮಾಮಿನ ಗ್ಯಾರೇಜೊಂದರಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿ ಹೆಸರು ಮಾಡಿದ್ದವರು ಇವರು. ಒಂದು ದಿನ ಲಾರಿಯ ಬ್ಯಾಟರಿ ಬಿಚ್ಚುವಾಗ ಕೈಯಲ್ಲಿದ್ದ ಸ್ಟೀಲ್ ವಾಚು ಬ್ಯಾಟರಿಗೂ ಬಾಡಿಗೂ ಒಟ್ಟಿಗೆ ತಾಗಿತು. ವಾಚು ಕೆಂಡವಾಗಿ ಮಣಿಕಟ್ಟಿಗೆ ಅಂಟಿಕೊಂಡಿತು. ಗಾಯವೇನೋ ಮಾಯಿತು, ಬೆರಳು ಸ್ವಾಧೀನಕ್ಕೆ ಬರಲಿಲ್ಲ. ಕಂಪನಿಯವರು ಊರಿಗೆ ಟಿಕೆಟ್ ಮಾಡಿಕೊಟ್ಟರು.

'ಆರು ತಿಂಗಳು ಈ ಮನುಷ್ಯ ಬಾಗಿಲ ಹತ್ರ ಕೂತದ್ದೇ ಕೂತದ್ದು' ಎನ್ನುತ್ತಾರೆ ಹೆಂಡತಿ ಖದೀಜ. ಕೋರ್ಟಿನ ಪಕ್ಕದ ಕೋಣೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವುದು ಇವರ ಕೆಲಸ. ಮಾತಾಡುವಾಗಲೂ ಮೆಷಿನ್ ನಿಲ್ಲಿಸುವವರಲ್ಲ. 'ಅನ್ನ ಕಲಸ್ಲಿಕ್ಕೂ ಆಗ್ತಿರ್ಲಿಲ್ಲ. ನಾನು ಕಲಸಿ ಕೊಟ್ಟರೆ ಸಿಟ್ಟು. ಕೊಡದಿದ್ದರೂ ಸಿಟ್ಟು.'

ಆ ಸಿಟ್ಟು ಇಳಿಸಿದವರು ಜತ್ತಪ್ಪ. ಹಾಲಿನ ಪಿಕಪ್ ಓಡಿಸುವ ಜತ್ತಪ್ಪರಿಗೆ ಒಂದು ಬೆಳಗಿನ ಜಾವ ಇಲ್ಲೇ ಹತ್ತಿರ ಹೆಡ್‌ಲೈಟ್ ಕೈಕೊಟ್ಟಿತು. ಗಲ್ಫಿನಿಂದ ಬಂದ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆಂದು ಯಾರೋ ಹೇಳಿ, ಬಂದು ಬಾಗಿಲು ಬಡಿದರು. ರವೂಫಾಕ ಬಲಗೈ ತೋರಿಸಿದರು. ಹಾಲು ಒಡೆಯುತ್ತದೆಂಬ ಆತಂಕದಲ್ಲಿದ್ದ ಜತ್ತಪ್ಪರಿಗೆ ಮರುಗುವಷ್ಟು ಪುರುಸೊತ್ತೆಲ್ಲಿ? 'ಕೈ ನಂದುಂಟಲ್ಲ ಮಾರಾಯ್ರೇ, ನೀವು ಬಾಯಲ್ಲಿ ಹೇಳಿ' ಎಂದರಂತೆ. ರವೂಫಾಕ ಹೇಳಿದರು, ಜತ್ತಪ್ಪ ಮಾಡಿದರು, ಲೈಟ್ ಹೊತ್ತಿತು.

'ಅವತ್ತು ನನಗೆ ಆದ ಖುಷಿ ಸರ್, ದಮ್ಮಾಮಿನಲ್ಲಿ ಇಂಜಿನ್ನೇ ಕಟ್ಟಿ ಕೊಟ್ಟಾಗಲೂ ಆಗಿರ್ಲಿಲ್ಲ' ಎನ್ನುತ್ತಾರೆ ರವೂಫಾಕ. 'ಆಮೇಲೆ ಜತ್ತಪ್ಪ ಹತ್ತು ಜನಕ್ಕೆ ಹೇಳಿದ. ನಾನು ಹೇಳಿಕೊಡ್ತಾ ಹೋದೆ. ಈಗ ಬೆರಳು ಸರಿಯಾದರೂ ನಾನು ಮುಟ್ಟುವುದಿಲ್ಲ. ನಾನು ಹಾಕಿಕೊಟ್ಟರೆ ದಾರಿಯಲ್ಲಿ ಹಾಳಾದಾಗ ಅವರೆಂತ ಮಾಡುವುದು? ಅವರೇ ಹಾಕಿದ್ದಾದರೆ ಅವರಿಗೇ ಗೊತ್ತಿರ್ತದೆ.'

ಅವರ ಕಾಯಿದೆಗಳು ಸರಳ. ಮೈಮೇಲಿನ ಲೋಹವೆಲ್ಲ ಮೊದಲು ಬಟ್ಟಲಿಗೆ. ಬ್ಯಾಟರಿಯ ನೆಗೆಟಿವ್ ಬಿಚ್ಚದೆ ಸ್ಕ್ರೂಡ್ರೈವರ್ ಕೈಗಿಲ್ಲ. ಕಂಪನಿಯ ವಯರನ್ನು ಯಾವ ಕಾರಣಕ್ಕೂ ಕತ್ತರಿಸುವಂತಿಲ್ಲ. ನೀಲಿ, ನೇರಳೆ, ಮಿಣಿಮಿಣಿ ಲೈಟು ಕೇಳಿಕೊಂಡು ಬಂದವರಿಗೆ ಚಾ ಕುಡಿಸಿ ಕಳಿಸುತ್ತಾರೆ, ಲೈಟು ಕೊಡುವುದಿಲ್ಲ. ವೇಣೂರಿನ ಶೋಧನ್ ಎಂಬವರು ಅವಸರದಲ್ಲಿ, ಹೇಳಿದ್ದನ್ನು ಪೂರ್ತಿ ಕೇಳದೆ, ಎದುರಿಗೆ ಹಾಕುವ ಕ್ಯಾಮೆರಾವನ್ನು ಹಿಂದೆ ಹಾಕಿಕೊಂಡು ಹೋಗಿದ್ದರು. ಪರದೆಯಲ್ಲಿ ಎಡ ಬಲವಾಗಿ, ಬಲ ಎಡವಾಗಿ, ಮರುದಿನ ಗೇಟಿನ ಕಂಬಕ್ಕೆ ಗುದ್ದಿ ತಲೆ ಕೆರೆದುಕೊಳ್ಳುತ್ತಾ ಹಿಂತಿರುಗಿದರು. ರವೂಫಾಕ ಬೈಯಲಿಲ್ಲ. ಸ್ಟೂಲ್ ಎಳೆದು ಕೂತು, 'ಮೊದಲಿಂದ ಶುರು ಮಾಡುವ' ಎಂದರಂತೆ.

ಹೆಡ್‌ಲೈಟಿನ ಕೆಲಸಕ್ಕೆ ಮಾತ್ರ ಬೆಳಗಿನ ಜಾವವೇ ಆಗಬೇಕು. 'ನೆಲ ಮಟ್ಟಸ ಇರ್ಬೇಕು, ಗೋಡೆ ಬಿಳಿ ಇರ್ಬೇಕು, ಸೂರ್ಯ ಇರಬಾರದು' ಎಂದು ಅವರು ವಿವರಿಸುತ್ತಾರೆ. ಗೋಡೆಯ ಮೇಲೆ ಕಪ್ಪು ಟೇಪಿನ ಗೆರೆಗಳಿವೆ. ಕಾರಿನ ಬೆಳಕು ಆ ಗೆರೆಯ ಲೆಕ್ಕಕ್ಕೆ ಬಂದರಷ್ಟೇ ಕಾರು ಕೋರ್ಟು ಬಿಡುವುದು. ನಸುಕಿನ ಸುಬುಹಿ ನಮಾಜು ಮುಗಿಸಿ ಬಂದರೆ ಬಿಸಿಲೇರುವುದರೊಳಗೆ ಒಂದು ಕಾರು, ಹೆಚ್ಚೆಂದರೆ ಎರಡು.

ಇಂದಿನ ಕಾರಿನ ಕತೆ ಸ್ವಲ್ಪ ಬೇರೆ. ಶಶಿಪ್ರಭಾ ಅವರ ಮಗಳು ಪ್ರಾಪ್ತಿಗೆ ಮೂಡಿಗೆರೆಯಲ್ಲಿ ಕಾಲೇಜು. ಇವತ್ತು ಅವಳನ್ನು ಹಾಸ್ಟೆಲಿಗೆ ಬಿಡಬೇಕು, ಚಾರ್ಮಾಡಿ ಘಾಟಿ ಹತ್ತಬೇಕು. ಶಶಿಪ್ರಭಾ ಕಾರು ಓಡಿಸುತ್ತಿರುವುದು ಎರಡು ವರ್ಷದಿಂದ, ಆದರೆ ಘಾಟಿ ಕಂಡವರಲ್ಲ. ಮಳೆಗಾಲದ ಚಾರ್ಮಾಡಿಯಲ್ಲಿ ಮಂಜು ಇಳಿದರೆ ಹಗಲಿಗೂ ಲೈಟು ಬೇಕು. ಗಂಡನ ಅಣ್ಣ ರಮಾನಾಥರು ಮನೆಯ ಹಿರಿಯರು. 'ನೀನು ಹೋಗುವುದು ಬೇಡ, ಡ್ರೈವರ್ ಕಳಿಸ್ತೇನೆ' ಎಂದು ವಾರದಿಂದ ಹೇಳುತ್ತಿದ್ದಾರೆ. ಅವರದು ಕೆಟ್ಟ ಮನಸ್ಸಲ್ಲ, ಹೆದರಿಕೆ. 'ಆದರೆ ಇವತ್ತು ಡ್ರೈವರ್ ಬಂದರೆ ಮತ್ತೆ ಯಾವಾಗಲೂ ಡ್ರೈವರೇ' ಎಂದು ಶಶಿಪ್ರಭಾ ನನ್ನೊಡನೆ ಮೆತ್ತಗೆ ಹೇಳುತ್ತಾರೆ. 'ಮಗಳನ್ನು ನೋಡ್ಬೇಕು ಅನಿಸಿದಾಗೆಲ್ಲ ನಾನು ಇನ್ನೊಬ್ಬರ ಪುರುಸೊತ್ತು ಕಾಯುವುದಾ?'

ಅವರ ಗಂಡ ರಂಜಿತ್ ಕತಾರಿನಲ್ಲಿದ್ದಾರೆ. ಹೆಂಡತಿ ಘಾಟಿ ಹತ್ತುತ್ತಾಳೆಂದು ಗೊತ್ತಾದದ್ದೇ, ಊರಿಗೆ ಬರುವ ಗೆಳೆಯನ ಕೈಯಲ್ಲಿ ಹೊಸ ಹೆಡ್‌ಲೈಟ್ ಜೋಡಿ ಕಳಿಸಿದ್ದಾರೆ. ಅದೇ ಕಂಪನಿಯ ಅದೇ ಕಾರು ಅಲ್ಲಿಯೂ ಓಡುತ್ತದೆ, ಹಾಗಾಗಿ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಮೊನ್ನೆ ಬಂಪರ್ ಬಿಚ್ಚಿ ಹಳೆಯದನ್ನು ತೆಗೆದು, ನಿನ್ನೆ ಹೊಸದನ್ನು ಕೂರಿಸಿ, ಇವತ್ತು ಕೊನೆಯ ಸ್ಕ್ರೂ ಬಿಗಿದದ್ದೂ ಆಯಿತು. ಅಷ್ಟನ್ನೂ ಮಾಡಿದ್ದು ಶಶಿಪ್ರಭಾ.

'ಹಾಕಿ ಅಕ್ಕ' ಎನ್ನುತ್ತಾರೆ ರವೂಫಾಕ.

ಸ್ವಿಚ್ ಒತ್ತಿದ ಕೂಡಲೇ ಗೋಡೆಯ ಮೇಲೆ ಬೆಳಕು ಬೀಳುತ್ತದೆ. ಎಂಥ ಬೆಳಕು! ನಾನಂತೂ ಬಾಯ್ತೆರೆದು ನೋಡುತ್ತೇನೆ. ಶಶಿಪ್ರಭಾ ಕಾರಿನಿಂದಿಳಿದು ನಗುತ್ತಾರೆ. ರವೂಫಾಕ ಮಾತ್ರ ಚಾದ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಗೋಡೆಯ ಹತ್ತಿರ ಹೋಗಿ ಬೆಳಕಿನ ಅಂಚನ್ನು ಎಡಗೈಯಿಂದ ಸವರಿಕೊಂಡು ಹೋಗುತ್ತಾರೆ. ಅಂಚು ಎಡಗಡೆ ತಗ್ಗಿದೆ, ಬಲಗಡೆ ಮೇಲೇರಿದೆ.

'ಇದು ಆಗುವುದಿಲ್ಲ ಅಕ್ಕ.'

ಕಾರಣವನ್ನು ಅವರು ಗೋಡೆಯ ಮೇಲೆಯೇ ತೋರಿಸುತ್ತಾರೆ. ನಾವು ರಸ್ತೆಯ ಎಡಕ್ಕೆ ಓಡಿಸುವವರು. ಬದಿಯ ಚರಂಡಿ, ನಡೆಯುವವರು ಕಾಣಲೆಂದು ನಮ್ಮ ಲೈಟು ಎಡಕ್ಕೆ ತುಸು ಎತ್ತರ ಬೀಳುತ್ತದೆ. ಎದುರಿನವರ ಕಣ್ಣಿಗೆ ಹೊಡೆಯಬಾರದೆಂದು ಬಲಕ್ಕೆ ತಗ್ಗಿರುತ್ತದೆ. ಗಲ್ಫಿನಲ್ಲಿ ಓಡಿಸುವುದು ಬಲಕ್ಕೆ, ಲೈಟೂ ಅದಕ್ಕೆ ತಕ್ಕಂತೆ. ಈ ಜೋಡಿಯನ್ನು ಹಾಕಿಕೊಂಡು ಚಾರ್ಮಾಡಿಗೆ ಹೋದರೆ ತಿರುವಿನಲ್ಲಿ ಇಳಿದುಬರುವ ಬಸ್ಸಿನ ಡ್ರೈವರನಿಗೆ ಕಣ್ಣು ಕತ್ತಲು.

'ಸ್ಕ್ರೂ ತಿರುಗಿಸಿ ಕೆಳಗೆ ಮಾಡ್ಲಿಕ್ಕಾಗುವುದಿಲ್ವ?' ಶಶಿಪ್ರಭಾ ಕೇಳುತ್ತಾರೆ.

'ಆಗ್ತದೆ. ಆಗ ಇಡೀ ಬೆಳಕು ಕೆಳಗೆ ಹೋಗ್ತದೆ. ನಿಮಗೇ ರಸ್ತೆ ಕಾಣುವುದಿಲ್ಲ.'

'ಮೊನ್ನೆಯೇ ಹೇಳಬಾರದಿತ್ತಾ ರವೂಫಾಕ?' ಶಶಿಪ್ರಭಾ ಎರಡೂ ಕೈ ಮುಂದೆ ಚಾಚುತ್ತಾರೆ. 'ಎರಡು ದಿನ ಮೈಕೈ ಎಲ್ಲ ಗ್ರೀಸ್ ಮಾಡಿಕೊಂಡೆ.'

'ತಪ್ಪು ನಂದೇ. ಬಿಚ್ಚುವ ಮೊದಲೇ ಇದನ್ನು ಬ್ಯಾಟರಿಗೆ ಕೊಟ್ಟು ಗೋಡೆಗೆ ಹಿಡಿದು ನೋಡ್ಬೇಕಿತ್ತು. ರಂಜಿತ್ ಪ್ರೀತಿಯಲ್ಲಿ ಕಳಿಸಿದ್ದು ಅಂತ ನಾನೂ ಮೈಮರೆತೆ.'

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಆಡಿಕೊಳ್ಳುತ್ತಾರೆ. ಹಾಕಲಿ ಬಿಡಿ ಅನ್ನುತ್ತೇನೆ ನಾನು. ಎದುರಿನಿಂದ ಬರುವ ಬಸ್ಸಿನಲ್ಲಿ ನಲವತ್ತು ಜನರಿರುವಾಗ ಉಡುಗೊರೆಯನ್ನೂ ಮೊಳ ಹಾಕಿಯೇ ನೋಡಬೇಕು.

ಅಷ್ಟರಲ್ಲಿ ರಂಜಿತ್ ಅವರ ವಿಡಿಯೊ ಕರೆ. ಲೈಟು ಹೇಗೆ ಕಾಣುತ್ತದೆಂದು ನೋಡಲು ಅಲ್ಲಿ ಬೇಗ ಎದ್ದು ಕಾದಿದ್ದಾರೆ. ವಿಷಯ ಕೇಳಿ ಮುಖ ಸಣ್ಣದಾಗುತ್ತದೆ. 'ಅದೇ ಮಾಡೆಲ್ ಅಲ್ವಾ ರವೂಫಾಕ? ಅಂಗಡಿಯವನು ಸೇಮ್ ಅಂದ' ಎನ್ನುತ್ತಾರೆ. ರವೂಫಾಕ ನಗುತ್ತಾರೆ. 'ನಾನೂ ದಮ್ಮಾಮಿನಿಂದ ನಮ್ಮ ಅಣ್ಣ ಮಜೀದನಿಗೆ ಇಂಥದ್ದೇ ಕಳಿಸಿದ್ದೆ ಮಾರಾಯ. ಎದುರಿನ ಬಸ್ಸಿನವನು ಇಳಿದು ಬಂದು ಬೈದಾಗಲೇ ನಮಗೆ ಗೊತ್ತಾದದ್ದು. ಮನಸ್ಸಿಗೆ ಹಚ್ಚಿಕೊಳ್ಬೇಡ.' ರಂಜಿತ್, 'ಹಾಗಾದರೆ ಬಿಚ್ಚು ಶಶಿ. ಹಳೆಯದೇ ಇರಲಿ' ಎನ್ನುತ್ತಾರೆ.

ಕರೆ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ, ರಮಾನಾಥರದ್ದು. ಫೋನಿನ ಆಚೆಯ ಮಾತು ನಮಗೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಶಶಿಪ್ರಭಾ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಡ್ರೈವರ್ ಬರಲಿ ಎಂದುಬಿಟ್ಟರೆ ಎಲ್ಲ ತಾಪತ್ರಯ ಮುಗಿಯಿತು. ರವೂಫಾಕ ಅವರ ಕಡೆ ನೋಡದೆ ಗೋಡೆಯನ್ನೇ ನೋಡುತ್ತಿದ್ದಾರೆ.

'ಬೇಡ ಭಾವ' ಎನ್ನುತ್ತಾರೆ ಶಶಿಪ್ರಭಾ. 'ಹೊರಡುವುದು ಸ್ವಲ್ಪ ತಡ ಆಗ್ತದೆ, ಅಷ್ಟೇ. ನಾನೇ ಹೋಗ್ತೇನೆ.'

ಫೋನಿಟ್ಟು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ಖದೀಜ ಈಗ ಮೊದಲ ಬಾರಿಗೆ ಮೆಷಿನ್ ನಿಲ್ಲಿಸುತ್ತಾರೆ. ಮಬ್ಬಾಗಿ ಹಳದಿಗಟ್ಟಿದ ಹಳೆಯ ಲೈಟುಗಳನ್ನು ತಂದು ಮಡಿಲಲ್ಲಿಟ್ಟುಕೊಂಡು, ನೀರು ಚಿಮುಕಿಸಿ ನಯವಾದ ಉಪ್ಪುಕಾಗದದಿಂದ ಉಜ್ಜುತ್ತಾರೆ, ಮೇಲೆ ಪಾಲಿಶ್ ಹಚ್ಚಿ ಒರೆಸುತ್ತಾರೆ. ಗಾಜು ತಿಳಿಯಾಗುತ್ತಾ ಬರುತ್ತದೆ. ಅತ್ತ ಶಶಿಪ್ರಭಾ ಬ್ಯಾಟರಿ ಬಿಚ್ಚಿದರು, ಬಂಪರಿನ ಸ್ಕ್ರೂಗಳನ್ನು ಸಾಲಾಗಿ ಬಟ್ಟೆಯ ಮೇಲಿಟ್ಟರು, ಕ್ಲಿಪ್ಪುಗಳನ್ನು ಒಂದೂ ಮುರಿಯದೆ ಎಬ್ಬಿಸಿದರು. ರವೂಫಾಕ ಹೇಳಲೆಂದು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಆ ಕೆಲಸ ಆಗಿಬಿಟ್ಟಿರುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಅವರು ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. ಮುಖ ಅರಳಿದೆ. ಮೊನ್ನೆ ಇಡೀ ಬೆಳಗು ಹಿಡಿದ ಕೆಲಸ ಇಂದು ಬಿಸಿಲೇರುವುದರೊಳಗೆ ಮುಗಿಯುತ್ತದೆ. ಗೋಡೆಯ ಮೇಲೆ ಬೆಳಕು ಮತ್ತೆ ಬೀಳುತ್ತದೆ. ಅಷ್ಟು ಪ್ರಖರವಲ್ಲ, ಆದರೆ ಎಡಕ್ಕೆ ಏರಿ ಬಲಕ್ಕೆ ತಗ್ಗಿ ಗೆರೆಯ ಲೆಕ್ಕಕ್ಕೆ ಸರಿಯಾಗಿ ಕೂತಿದೆ.

'ಇನ್ನು ಹೋಗುವ' ಎನ್ನುತ್ತಾ ಶಶಿಪ್ರಭಾ ಬಳೆ ತೊಟ್ಟು, ಮನೆಯಲ್ಲಿ ಚೀಲ ಕಟ್ಟಿ ಕಾದಿರುವ ಮಗಳನ್ನು ಕರೆದುಕೊಳ್ಳಲು ಹೊರಡುತ್ತಾರೆ.

ನಾನು ಹಿಂತಿರುಗಬಹುದಿತ್ತು. ಕಾಲು ಏಳಲಿಲ್ಲ. ರವೂಫಾಕರಿಗೂ ಕೆಲಸದಲ್ಲಿ ಮನಸ್ಸಿರಲಿಲ್ಲ. ಇನ್ನೊಂದು ಕಾರು ಬಂದಿತ್ತು, ಅದಕ್ಕೆ ಹಾರ್ನ್ ಹಾಕಿಸುತ್ತಾ ಎರಡೆರಡು ಸಲ ಅದೇ ಮಾತು ಹೇಳಿದರು. ಫೋನನ್ನು ಅಂಗಿಯ ಕಿಸೆಯಿಂದ ತೆಗೆದು ನೋಡುವುದು, ಒಳಗಿಡುವುದು. ಕಷ್ಟಕ್ಕೆ ಸಿಕ್ಕಿಕೊಂಡ ಗಿರಾಕಿಗಳು ಘಾಟಿಯಿಂದ ಕರೆ ಮಾಡುವುದುಂಟು. ಒಮ್ಮೆ ಮಳೆಯಲ್ಲಿ ಸಿಕ್ಕಿಕೊಂಡವರಿಗೆ ಫೋನಿನಲ್ಲೇ ಫ್ಯೂಸ್ ಹಾಕಿಸಿದ್ದಾರಂತೆ. ಮಧ್ಯಾಹ್ನದ ಊಟಕ್ಕೆ ಖದೀಜ ಕರೆದಾಗಲೂ ಫೋನು ಬಂದಿರಲಿಲ್ಲ. 'ಅವಳು ಹೋಗ್ತಾಳೆ, ನೀವು ಉಣ್ಣಿ' ಎಂದು ಖದೀಜ ಗದರಿದರು.

ಊಟ ಮುಗಿಸಿ ಕೈ ತೊಳೆಯುವಾಗ ಫೋನು ಬಂತು. ಸ್ಪೀಕರಿನಲ್ಲಿ ಶಶಿಪ್ರಭಾ. ಮೂಡಿಗೆರೆ ತಲುಪಿ, ಮಗಳ ಸಾಮಾನು ಹಾಸ್ಟೆಲಿನ ಕೋಣೆಗೆ ಹಾಕಿ, ಹೋಟೆಲಿನಲ್ಲಿ ಉಂಡದ್ದೂ ಆಗಿದೆಯಂತೆ. ಘಾಟಿಯ ಅರ್ಧದಲ್ಲಿ ದಟ್ಟ ಮಂಜಿನೊಳಗೆ ಎಡಗಡೆಯ ಲೈಟು ಆರಿಹೋಯಿತು, ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ, ಬೆಳಿಗ್ಗೆಯ ಅವಸರದಲ್ಲಿ ಪ್ಲಗ್ ಪೂರ್ತಿ ಕೂತಿರಲಿಲ್ಲ, ಒತ್ತಿದೆ, ಬಂತು ಎಂದು ಬಸ್ಸಿನ ಟೈಮ್ ಹೇಳಿದಷ್ಟು ಸಲೀಸಾಗಿ ಹೇಳಿದರು.

ರವೂಫಾಕ ಫೋನಿನತ್ತ ಬಾಗಿದರು. 'ನನಗೆ ಒಂದು ಫೋನ್ ಮಾಡುವುದಲ್ವಾ ಅಕ್ಕ? ಅಲ್ಲಿ ರೇಂಜ್ ಇರ್ಲಿಲ್ವ?'

'ರೇಂಜ್ ಇತ್ತು ರವೂಫಾಕ' ಎಂದರು ಶಶಿಪ್ರಭಾ. ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ, 'ನಿಮ್ಮ ನೆನಪೇ ಆಗ್ಲಿಲ್ಲ' ಎಂದರು.

ಕರೆ ಮುಗಿದದ್ದೇ ರವೂಫಾಕ ಫೋನನ್ನು ಕಿಸೆಗೆ ಸೇರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಮಡಚದ ಆ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಹೇಳಿದರು: 'ಕೇಳಿದ್ರಾ ಸರ್? ನನ್ನ ನೆನಪೇ ಆಗ್ಲಿಲ್ವಂತೆ. ಪೇಪರಿನಲ್ಲಿ ಬೇರೆ ಎಂತ ಬರೆಯದಿದ್ದರೂ ಅಡ್ಡಿಯಿಲ್ಲ, ಅದೊಂದು ಬರೀರಿ.'