ಮೇಲಿನ ಹಾಸಿಗೆ, ಕೆಳಗಿನ ಹಾಸಿಗೆ

ನನ್ನ ತಂಗಿಯನ್ನು ಊರಿನವರೆಲ್ಲ ಕರೆಯುವುದು ರೈಟಕ್ಕ ಎಂದು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಬಸ್ಸು ಹೊರಡಬೇಕಾದರೆ ‘ರೈಟ್, ರೈಟ್’, ನಿಲ್ಲಬೇಕಾದರೆ ‘ಹೋಲ್ಡಾನ್’. ಈ ಎರಡು ಮಾತಿನಲ್ಲೇ ಅವಳ ಅರ್ಧ ಆಯುಷ್ಯ ಕಳೆಯಿತು. ಮನೆಯಲ್ಲಿ ಅನ್ನ ಬಡಿಸುವಾಗಲೂ ಸಾಕೆನ್ನುವವಳಲ್ಲ, ತಟ್ಟೆಗೆ ಕೈ ಅಡ್ಡ ಹಿಡಿದು ‘ಹೋಲ್ಡಾನ್’ ಎನ್ನುವವಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, “ಬಂದ ಗಂಡುಗಳೆಲ್ಲ ಟಿಕೆಟ್ ಇಲ್ಲದೆ ಹತ್ತೋರೇ. ಇಳಿಸಿಬಿಟ್ಟೆ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಬಸ್ಸಿನದು ಯಾವಾಗಲೂ ಒಂದೇ ದಾರಿ. ಕೊನೆಯ ಸ್ಟಾಪಿನಲ್ಲಿ ಒಂದು ಚಹಾ, ಆಮೇಲೆ ಬಸ್ಸು ತಿರುಗಿಸಿಕೊಂಡು ವಾಪಸ್. ರಸ್ತೆಯೇನೋ ಅಲ್ಲಿಂದಾಚೆಗೂ ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ. ಬೆನ್ನಿಗೆ ತಮ್ಮಷ್ಟೇ ಎತ್ತರದ ಚೀಲ ಹೊತ್ತ ಪರದೇಶದ ಹುಡುಗ ಹುಡುಗಿಯರು ಆ ಸ್ಟಾಪಿನಲ್ಲಿ ಇಳಿದು, ಆ ರಸ್ತೆ ಹಿಡಿದು ನಡೆದುಹೋಗುವುದನ್ನು ಚಹಾ ಆರುವವರೆಗೆ ನೋಡುತ್ತಾ ನಿಲ್ಲುತ್ತಿದ್ದಳಂತೆ. ಒಮ್ಮೆ ಅಂಥ ಒಬ್ಬ ಹುಡುಗಿ ಇವಳ ಪಕ್ಕದಲ್ಲೇ ಕೂತು, ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ ತನ್ನ ಗುಟ್ಟು ಹೇಳಿದಳು. ದೇಶ ಸುತ್ತಲು ದೊಡ್ಡ ದುಡ್ಡೇನೂ ಬೇಡ. ಇಂಥ ಅಲೆಮಾರಿಗಳು ತಂಗುವ ಹಾಸ್ಟೆಲಿನಲ್ಲಿ ಬೆಳಿಗ್ಗೆ ಹಾಸಿಗೆಗಳ ಬಟ್ಟೆ ಬದಲಾಯಿಸಿ, ಬಚ್ಚಲು ಉಜ್ಜಿಕೊಟ್ಟರೆ ಮಲಗಲು ಜಾಗ ಸಿಗುತ್ತದೆ. ಆ ಮಾತು ಇವಳ ತಲೆಯೊಳಗೆ ಹೊಕ್ಕಿದ್ದು ಇಳಿಯಲೇ ಇಲ್ಲ.

ರಿಟೈರ್ ಆದ ಮೇಲೆ ಎಲ್ಲರೂ ಇನ್ನು ಇವಳು ಜಗುಲಿಯಲ್ಲಿ ಕಾಲು ಚಾಚುತ್ತಾಳೆ ಎಂದುಕೊಂಡರೆ, ಇವಳು ಪಾಸ್‌ಪೋರ್ಟ್ ಮಾಡಿಸಿದಳು. ಕೆಲಸಕ್ಕೂ ಒಪ್ಪಿಗೆ ಇರುವ ವೀಸಾ ತೆಗೆದುಕೊಂಡಳು. ಬೆನ್ನಿಗೆ ಹಾಕುವ ಚೀಲ ಕೊಂಡು ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಅತ್ತಿತ್ತ ನಡೆದು ತೋರಿಸಿದಳು.

ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ನೋಡು, ಸರಿಯಾಗಿ ಟೈಮಿಗೆ ಬಂತು.”

“ಕಂಡಕ್ಟರ್ ಅಲ್ವಾ ಭಾವ, ನಮ್ದೆಲ್ಲ ಟೈಮಿಗೇ.”

“ಹದಿನೈದು ದಿನ. ಅಷ್ಟರೊಳಗೆ ನೀನು ಬಂದು ಈ ಬಾಗಿಲು ತಟ್ಟದಿದ್ರೆ ನನ್ನ ಮೀಸೆ ಬೋಳಿಸ್ತೀನಿ.”

“ಬ್ಲೇಡು ಅಲ್ಲಿಂದಲೇ ತಂದುಕೊಡ್ಲಾ, ಇಲ್ಲಿದೇ ಸಾಕಾ?”

ಹೀಗೆ ಪರದೇಶದ ಅಂಥದೊಂದು ಹಾಸ್ಟೆಲಿಗೆ ಹೋದಳು. ಹೋದಮೇಲೆ ದಿನಾ ಒಂದು ಫೋನು. ನಾನು ಸೊಪ್ಪು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೂತಿರುತ್ತಿದ್ದೆ. ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ‘ಹೂಂ, ಹೂಂ’ ಎನ್ನುವುದು ನನ್ನ ಕೆಲಸ, ಹೇಳುವುದು ಅವಳದು. ಅಲ್ಲಿಯವರ ಮಾತನ್ನೂ ಅವಳು ನಮ್ಮ ಮಾತಿನಲ್ಲೇ ಹೇಳುತ್ತಿದ್ದಳು. ನಾನು ಬರೆಯುತ್ತಿರುವುದೂ ಹಾಗೆಯೇ.

ಹಾಸ್ಟೆಲೆಂದರೆ ಒಂದು ಹಳೆಯ ಮೂರು ಅಂತಸ್ತಿನ ಮನೆ. ಗಂಡು ಹೆಣ್ಣು ಎನ್ನದೆ ಎಲ್ಲರೂ ಮಲಗುವ ಒಂದೊಂದು ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚ, ಒಂದೊಂದು ಮಂಚಕ್ಕೂ ಮೇಲೊಂದು ಹಾಸಿಗೆ, ಕೆಳಗೊಂದು ಹಾಸಿಗೆ, ಏರಲು ಸಣ್ಣ ಏಣಿ. “ಡಬಲ್ ಡೆಕ್ಕರ್ ಬಸ್ಸು ಕಣೇ ಅಕ್ಕ, ಚಕ್ರ ಒಂದಿಲ್ಲ” ಎಂದಳು. ಕಂಬಿಗಳ ತುಂಬ ಕಾಲುಚೀಲ ಒಣಗುತ್ತಿರುತ್ತವೆ. ಕೆಳಗಿನ ಹಾಸಿಗೆಯವರು ಮರೆಗೆಂದು ಟವೆಲ್ ಇಳಿಬಿಟ್ಟುಕೊಳ್ಳುತ್ತಾರೆ. ಮೊದಲ ದಿನ ಇವಳು ಅದನ್ನು ನೋಡಿ, ಪರವಾಗಿಲ್ಲ, ಇಲ್ಲಿಯೂ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ ಎಂದುಕೊಂಡು ಸಮಾಧಾನಪಟ್ಟಳಂತೆ.

ಅಡುಗೆಮನೆ ಎಲ್ಲರಿಗೂ ಒಂದೇ. ಫ್ರಿಜ್ಜಿನೊಳಗೆ ಇಡುವುದರ ಮೇಲೆಲ್ಲ ಅವರವರ ಹೆಸರಿನ ಚೀಟಿ. ಹೆಸರಿಲ್ಲದ್ದು ಯಾರದ್ದೂ ಅಲ್ಲ. ಬಾಗಿಲ ಪಕ್ಕದಲ್ಲಿ ಒಂದು ಗೂಡು. ಊರು ಬಿಡುವವರು ಉಳಿದ ಅಕ್ಕಿ, ಎಣ್ಣೆ, ಉಪ್ಪು, ಅರ್ಧ ಪೊಟ್ಟಣ ಬೇಳೆಯನ್ನು ಅದರಲ್ಲಿ ಇಟ್ಟು ಹೋಗಬೇಕು, ಬೇಕಾದವರು ತೆಗೆದುಕೊಳ್ಳಬಹುದು. ನನ್ನ ತಂಗಿ ಆ ಗೂಡಿನಿಂದಲೇ ಹೊಟ್ಟೆ ಹೊರೆಯುತ್ತಿದ್ದಳು. “ಯಾರೋ ಬಿಟ್ಟ ಅಕ್ಕಿ, ಇನ್ಯಾರೋ ಬಿಟ್ಟ ಬೇಳೆ, ಮತ್ಯಾರೋ ಬಿಟ್ಟ ಟೊಮೆಟೊ. ಒಂದೇ ಪಾತ್ರೆಯಲ್ಲಿ ಬೇಯಿಸಿದ್ರೆ ನಾಲ್ಕು ದೇಶದ ಜನ ಒಂದೇ ಸೀಟಲ್ಲಿ ಕೂತ ಹಾಗೆ. ಸ್ವಲ್ಪ ನೂಕಾಟ ಇರುತ್ತೆ, ಆದ್ರೂ ಊರು ಸೇರ್ತೀವಿ.”

ಹಾಸ್ಟೆಲಿನ ಯಜಮಾನಿ ಕಡ್ಡಿಯಂಥ ಹೆಂಗಸು, ಮಾತೂ ಕಡ್ಡಿ ಮುರಿದ ಹಾಗೆ. ಮೊದಲೇ ಹೇಳಿಬಿಟ್ಟಿದ್ದಳು: “ಒಂದು ವಾರ ನೋಡ್ತೀನಿ. ಸರಿಹೋದ್ರೆ ಸೀಸನ್ ಮುಗಿಯೋವರೆಗೆ ಇರು, ಮಧ್ಯಾಹ್ನದ ಹೊತ್ತು ನಮ್ಮ ಲಾಂಡ್ರಿಯಲ್ಲಿ ಸಂಬಳದ ಕೆಲಸವೂ ಕೊಡ್ತೀನಿ. ಸರಿಹೋಗದಿದ್ರೆ ಹೊರಡು.” ಆ ಸಂಬಳ ಕೂಡಿಸಿಕೊಂಡು ಅಲ್ಲಿಂದ ಮುಂದೆ, ರಸ್ತೆ ಮುಗಿದು ಸಮುದ್ರ ಸಿಗುವವರೆಗೆ ಹೋಗಬೇಕೆಂಬುದು ಇವಳ ಲೆಕ್ಕ. ಇಲ್ಲವಾದರೆ ಕೈಯಲ್ಲಿ ಉಳಿದಿದ್ದದ್ದು ಊರಿಗೆ ಮರಳುವ ಟಿಕೆಟ್ ಒಂದೇ. ಅಂದರೆ ಮತ್ತೆ ಅದೇ ಕೊನೆಯ ಸ್ಟಾಪು, ಅದೇ ಚಹಾ.

ವಾರದ ನಡುವಿನಲ್ಲಿ ಎಡವಟ್ಟಾಯಿತು.

ಮಂಡಿನೋವಿನ ಒಬ್ಬ ಹೆಂಗಸು ಬಂದಳು. ಕೆಳಗಿನ ಹಾಸಿಗೆಗಳೆಲ್ಲ ತುಂಬಿ, ಅವಳಿಗೆ ಸಿಕ್ಕಿದ್ದು ಮೇಲಿನದು. ಅದೇ ಮಂಚದ ಕೆಳಗಿನ ಹಾಸಿಗೆ ಒಬ್ಬ ದಾಂಡಿಗನದು. ತೋಟದಲ್ಲಿ ಹಣ್ಣು ಕೀಳುವ ಕೆಲಸಕ್ಕೆ ಬಂದವನು, ಎತ್ತರ ಅಗಲ ಎರಡರಲ್ಲೂ ಬಾಗಿಲಿನಂತಿದ್ದ. ಇವಳು ಅವನಿಗೆ ಬಾಗಿಲಪ್ಪ ಎಂದೇ ಹೆಸರಿಟ್ಟಿದ್ದಳು. ಬಸ್ಸಿನಲ್ಲಿ ವಯಸ್ಸಾದವರು ನಿಂತಿದ್ದು ಗಟ್ಟಿಮುಟ್ಟಾದ ಹುಡುಗ ಕೂತಿದ್ದರೆ ಇವಳು ಯಾವತ್ತು ಸುಮ್ಮನಿದ್ದವಳು? ಬಾಗಿಲಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವನ ಹೊದಿಕೆ, ದಿಂಬು, ಕಾಲುಚೀಲ ಎಲ್ಲವನ್ನೂ ಮೇಲೆ ಸಾಗಿಸಿ, ಮಂಡಿನೋವಿನ ಹೆಂಗಸನ್ನು ಕೆಳಗೆ ಮಲಗಿಸಿದಳು. ಅವನನ್ನೂ ಕೇಳಲಿಲ್ಲ, ಯಜಮಾನಿಯನ್ನೂ ಕೇಳಲಿಲ್ಲ.

ಸಂಜೆ ಬಾಗಿಲಪ್ಪ ಬಂದು ನೋಡಿದ. ಏಣಿ ನೋಡಿದ. ಕೋಣೆಯ ತುಂಬ ಜನ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಏಣಿಗೆ ಕೈ ಹಾಕಿದ. ಇವಳು ಹಿಂದಿನಿಂದ, “ಹತ್ತಪ್ಪಾ, ಹತ್ತು, ಮೇಲೆ ಖಾಲಿ ಇದೆ, ರೈಟ್ ರೈಟ್!” ಎಂದು ಬೆನ್ನು ತಟ್ಟಿದಳು. ಕಣ್ಣು ಮುಚ್ಚಿಕೊಂಡು ಹತ್ತಿದ. ಊಟಕ್ಕೆ ಕರೆದರೆ ಹಸಿವಿಲ್ಲವೆಂದ.

ಬೆಳಿಗ್ಗೆ ಇವಳು ಹಾಸಿಗೆ ಬಟ್ಟೆ ತೆಗೆಯಲು ಹೋದರೆ ಅವನಿನ್ನೂ ಅಲ್ಲೇ ಇದ್ದಾನೆ. ಎರಡೂ ಕೈಯಲ್ಲಿ ಕಂಬಿ ಹಿಡಿದು ಗೋಡೆಗೆ ಅಂಟಿ ಕೂತಿದ್ದಾನೆ, ಮುಖದ ಮೇಲೆ ಬೆವರು. ಹೊರಗೆ ತೋಟದ ವ್ಯಾನು ಹಾರನ್ ಮೇಲೆ ಹಾರನ್ ಹೊಡೆಯುತ್ತಿದೆ. ಆಗ ಗೊತ್ತಾಯಿತು: ಆ ಆಸಾಮಿಗೆ ಎತ್ತರವೆಂದರೆ ಪ್ರಾಣಭಯ. ಅದಕ್ಕೇ ಬರುವ ಮೊದಲೇ ಕೆಳಗಿನ ಹಾಸಿಗೆ ಬೇಕೆಂದು ಕೇಳಿ ಹಿಡಿದಿದ್ದ. ತೋಟದಲ್ಲೂ ನೆಲದಲ್ಲಿ ನಿಂತೇ ಹಣ್ಣು ಕೀಳುತ್ತಿದ್ದನಂತೆ, ಅಷ್ಟು ಎತ್ತರದವನಿಗೆ ಏಣಿ ಯಾಕೆ?

ಗಲಾಟೆ ಕೇಳಿ ಯಜಮಾನಿ ಬಂದಳು. “ಯಾರು ಇವನನ್ನ ಮೇಲೆ ಹಾಕಿದ್ದು?”

“ನಾನೇ.”

“ಇದು ನಿನ್ನ ಬಸ್ಸಲ್ಲ. ಮೊದಲು ಅವನನ್ನ ಇಳಿಸು. ಆಮೇಲೆ ನಿನ್ನ ಚೀಲ ಕಟ್ಟು.”

ಗಾಬರಿಯಲ್ಲಿ ತಂಗಿಗೆ ಬರುತ್ತಿದ್ದ ನಾಲ್ಕು ಪರದೇಶದ ಮಾತೂ ಹಾರಿಹೋಯಿತು. ನಮ್ಮ ಭಾಷೆಯಲ್ಲೇ ಶುರುಮಾಡಿದಳು. “ನೋಡು ಮಗಾ, ಕೆಳಗೆ ನೋಡ್ಬೇಡ. ಗೋಡೆ ಕಡೆ ತಿರುಗು. ಹಾಂ. ಎಡಗಾಲು ಕೊಡು.” ಏಣಿಗೆ ಬೆನ್ನು ಕೊಟ್ಟು ನಿಂತು, ಅವನ ಪಾದವನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡಳು. ಅದು ಅವಳ ಎಡ ಹೆಗಲು. ಕಂಡಕ್ಟರ್ ಚೀಲದ ಪಟ್ಟಿ ಕೂತು ಕೂತು ಅಲ್ಲಿ ಬೆರಳಷ್ಟು ಗುಳಿ ಬಿದ್ದಿದೆ, ನಾನೇ ಎಷ್ಟೋ ಸಲ ಎಣ್ಣೆ ತಿಕ್ಕಿದ್ದೇನೆ. ಒಂದು ಮೆಟ್ಟಿಲು ಇಳಿದಾಗ ‘ಹೋಲ್ಡಾನ್’. ಉಸಿರು ತೆಗೆದುಕೊಳ್ಳಲು ಬಿಟ್ಟು, ‘ರೈಟ್’. ಮತ್ತೊಂದು ಮೆಟ್ಟಿಲು, ‘ಹೋಲ್ಡಾನ್’. ಕೊನೆಗೆ ಹಾಸಿಗೆಗಳ ಮೇಲೆ ಎದ್ದು ಕೂತಿದ್ದವರೆಲ್ಲ ಒಟ್ಟಿಗೆ ‘ರೈಟ್!’ ಎಂದು ಕೂಗತೊಡಗಿದರು. ಕಾಲು ನೆಲಕ್ಕೆ ತಾಗಿದ್ದೇ ಬಾಗಿಲಪ್ಪ ಬೂಟು ಕೈಯಲ್ಲಿ ಹಿಡಿದುಕೊಂಡೇ ವ್ಯಾನಿನ ಕಡೆ ಓಡಿದ.

ಅವತ್ತು ಫೋನಿನಲ್ಲಿ ಅವಳ ದನಿ ತಗ್ಗಿತ್ತು. “ಬಂದ್ಬಿಡ್ತೀನೇನೋ ಅಕ್ಕ. ಭಾವನಿಗೆ ಹೇಳ್ಬೇಡ.”

“ಹೇಳಲ್ಲ ಬಿಡು. ಈಗೇನು ಮಾಡ್ತೀಯ?”

“ಪ್ಯಾಸೆಂಜರನ್ನ ತಪ್ಪು ಸ್ಟಾಪಲ್ಲಿ ಇಳಿಸಿದ್ರೆ ಏನು ಮಾಡ್ತಿದ್ದೆ? ನಾನೂ ಇಳಿದು, ಸರಿಯಾದ ಬಸ್ಸು ಹತ್ತಿಸಿ ಬರ್ತಿದ್ದೆ. ಅಷ್ಟು ಮಾಡಿ ಚೀಲ ಕಟ್ತೀನಿ.”

ಯಜಮಾನರು ಆಚೆ ಕನ್ನಡಿಯ ಮುಂದೆ ಮೀಸೆಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಸೊಪ್ಪಿನೊಳಗೆ ಮುಖ ಹುದುಗಿಸಿ ಕೂತೆ.

ಅತ್ತ ಹಾಸ್ಟೆಲಿನಲ್ಲಿ, ಕೆಲಸದವರಿಗೆಂದು ಮೆಟ್ಟಿಲ ಕೆಳಗೆ ಇದ್ದ ತನ್ನ ತಗ್ಗು ಹಾಸಿಗೆಯನ್ನು ಇವಳು ಬಾಗಿಲಪ್ಪನಿಗೆಂದು ಖಾಲಿಮಾಡಿ, ಹೊಸ ಬಟ್ಟೆ ಹಾಸಿದಳು. ಸಂಜೆ ಅವನು ಬಂದಾಗ ಮುಂದೆ ನಿಂತು, ಕೈ ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೋರಿಸಿ, “ನಿನಗೆ ಯಾವುದು ಬೇಕಪ್ಪಾ? ನೀನೇ ಹೇಳು” ಎಂದಳು. ಅವನು ನಕ್ಕು ನೆಲ ತೋರಿಸಿದ. ಒಬ್ಬನನ್ನು ಕೇಳಿದಮೇಲೆ ಉಳಿದವರನ್ನು ಬಿಡುವುದು ಕಂಡಕ್ಟರ್ ಜಾಯಮಾನಕ್ಕೆ ಒಗ್ಗುವುದಿಲ್ಲವಲ್ಲ, ಟಿಕೆಟ್ ಕೇಳುವ ಹಾಗೆ ಮಂಚದಿಂದ ಮಂಚಕ್ಕೆ ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ, ಕೆಳಗೆ ಮಲಗುತ್ತಿದ್ದ ಹುಡುಗಿ ಎದ್ದೇ ಬಿಟ್ಟಳು. “ನನಗೆ ಮೇಲೆ ಬೇಕು! ಬಂದಾಗಿನಿಂದ ದಿನಾ ಏಳುವಾಗ ತಲೆ ಹೊಡೆಸಿಕೊಳ್ತಿದೀನಿ, ಯಾರೂ ಕೇಳಲೇ ಇಲ್ಲ.” ಬಾಗಿಲಪ್ಪ ಬಿಟ್ಟ ಮೇಲಿನ ಹಾಸಿಗೆಗೆ ಅವಳು ಹೋದಳು, ಅವಳ ಜಾಗಕ್ಕೆ ಬಾಗಿಲಪ್ಪ ಬಂದ, ಮಂಡಿನೋವಿನ ಹೆಂಗಸು ಇದ್ದಲ್ಲೇ ಇದ್ದಳು. ಮೆಟ್ಟಿಲ ಕೆಳಗಿನ ಹಾಸಿಗೆ ಹೊಸ ಬಟ್ಟೆಯ ಸಮೇತ ಖಾಲಿಯೇ ಉಳಿಯಿತು.

ಯಜಮಾನಿ ಬಾಗಿಲಿಗೆ ಒರಗಿ ನಿಂತು ಎಲ್ಲ ನೋಡಿದ್ದಳು. ಇವಳು ಚೀಲ ತರಲು ಹೊರಟಾಗ ಅಡ್ಡಗಟ್ಟಿದಳು.

“ಎಲ್ಲಿಗೆ?”

“ಕಟ್ಟು ಅಂದ್ರಲ್ಲ.”

“ಕಟ್ಟಿದ್ರೆ ಬಿಚ್ಚು. ನಾಳೆಯಿಂದ ಬರೋರನ್ನೆಲ್ಲ ನೀನೇ ಬಾಗಿಲಲ್ಲಿ ಕೇಳಿ ಹಾಸಿಗೆ ಕೊಡು. ಕೇಳು, ಅಷ್ಟೇ. ತೀರ್ಮಾನ ಅವರದ್ದು. ಕೇಳದೆ ಇನ್ನೊಮ್ಮೆ ಯಾರ ಕಾಲುಚೀಲ ಮುಟ್ಟಿದ್ರೂ ವಿಮಾನ ಹತ್ತಿಸ್ತೀನಿ.”

“ಸೀಸನ್ ಮುಗಿಯೋವರೆಗೂ?”

“ಮುಗಿಯೋವರೆಗೂ.”

ಹದಿನೈದು ದಿನ ಕಳೆದವು. ಬಾಗಿಲು ಯಾರೂ ತಟ್ಟಲಿಲ್ಲ. ಯಜಮಾನರು ಎರಡು ದಿನ ಕೆಮ್ಮಿ, ಕ್ಯಾಲೆಂಡರ್ ಮುಂದೆ ನಿಂತು ಮತ್ತೆ ಮತ್ತೆ ಎಣಿಸಿ, ಕೊನೆಗೆ ಕನ್ನಡಿಯ ಮುಂದೆ ಕೂತರು. ಈಗ ಅವರ ಮುಖ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗಿದೆ. ಹಾಲಿನವನು ಮೊದಲ ದಿನ ‘ಯಜಮಾನರು ಇಲ್ವಾ?’ ಎಂದು ಅವರನ್ನೇ ಕೇಳಿದ.

ತಂಗಿಗೆ ಮಾತ್ರ ಈ ಕೇಳುವ ಚಾಳಿ ಹತ್ತಿಬಿಟ್ಟಿದೆ. ಹುಟ್ಟಿದಾಗಿನಿಂದ ನನ್ನನ್ನು ಒಂದು ಮಾತು ಕೇಳದೆ ನನ್ನ ಸೀರೆ ಉಟ್ಟವಳು, ನನ್ನ ಪಾಲಿನ ಬೆಲ್ಲ ತಿಂದವಳು, ಈಗ ಫೋನ್ ಎತ್ತಿದ ಕೂಡಲೇ “ಅಕ್ಕ, ನಿನಗೀಗ ಪುರುಸೊತ್ತಿದೆಯಾ?” ಎನ್ನುತ್ತಾಳೆ.

ನಿನ್ನೆಯೂ ಹಾಗೇ ಶುರುಮಾಡಿದಳು. ಮುಂದಿನ ತಿಂಗಳು ಸಮುದ್ರದ ಕಡೆ ಹೊರಡುತ್ತಾಳಂತೆ, ಅಲ್ಲಿಯೂ ಒಂದು ಹಾಸ್ಟೆಲ್ ಗೊತ್ತಾಗಿದೆಯಂತೆ.

“ಸುಮ್ನೆ ಕೇಳ್ತೀನಿ ಅಕ್ಕ. ನೀನು ಬರೋದಾದ್ರೆ ನಿನಗೆ ಯಾವುದು? ಮೇಲಿಂದಾ, ಕೆಳಗಿಂದಾ?”

ನನ್ನನ್ನು ಇಂಥದ್ದು ಯಾರೂ ಕೇಳಿರಲಿಲ್ಲ. ಯೋಚನೆಯನ್ನೂ ಮಾಡಲಿಲ್ಲ. “ಮೇಲಿಂದು” ಎಂದೆ. “ಕಿಟಕಿ ಪಕ್ಕ.”

“ಹತ್ತೋಕಾಗುತ್ತಾ?”

“ನಿನ್ನ ಹೆಗಲಿದೆಯಲ್ಲೇ.”

ಒಳಗಿನಿಂದ ಪೇಪರ್ ಮಡಚಿದ ಸದ್ದಾಯಿತು. “ಅಕ್ಕತಂಗಿ ಇಬ್ಬರಿಗೂ ಅರಳು ಮರಳು” ಎಂದರು ಯಜಮಾನರು. ಪೇಪರನ್ನು ಮತ್ತೆ ಬಿಡಿಸುತ್ತಾ, “ಕೆಳಗಿನ ಹಾಸಿಗೆ ಮೇಲೆ ನನಗೊಂದು ಟವೆಲ್ ಹಾಕಿಡೋಕೆ ಹೇಳು ಅವಳಿಗೆ” ಎಂದರು.