ಮುನ್ನಾಗೆ ಸಿಕ್ಕ ದೋಣಿಯ ಕೆಲಸ

ಗಂಗೆಯ ನಟ್ಟನಡುವೆ ಮುನ್ನಾ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟ. ಅಂಬಿಗನ ಕೆಲಸಕ್ಕೆ ಅವನಿಗದು ಪರೀಕ್ಷೆಯ ಬೆಳಗು. ಎದುರಿಗೆ ದಾವಣಗೆರೆಯ ಅಮ್ಮ ಒಬ್ಬರು ಗಂಡನ ಅಸ್ಥಿಯ ಮಡಕೆಯನ್ನು ಮಡಿಲಲ್ಲಿ ಅವಚಿಕೊಂಡು ಕೂತಿದ್ದರು. ನಾನು ಅವರಿಗೆ ಹಿಂದಿ ಮಾತು ತಿಳಿಸಲು ಜೊತೆಗೆ ಹೋದವಳು.

ಮಂಜಿನಲ್ಲಿ ಘಾಟುಗಳು ಕರಗಿಹೋಗಿದ್ದವು. ಎಲ್ಲಿಂದಲೋ ಗಂಟೆಯ ಸದ್ದು ನೀರಿನ ಮೇಲೆ ನಡೆದು ಬಂದಂತೆ ಬರುತ್ತಿತ್ತು. ತೇಲುತ್ತಿರುವುದು ನಾವೋ ದಡವೋ ತಿಳಿಯುತ್ತಿರಲಿಲ್ಲ. ಅಮ್ಮನ ಕೈ ಮಾತ್ರ ಮಡಕೆಯನ್ನು ಬಿಡಲೇ ಇಲ್ಲ; ಮುನ್ನಾ ಹುಟ್ಟು ಮುಟ್ಟದೆ ಕಾಯುತ್ತಿದ್ದ.

ನಾನು ಪಕ್ಕದಲ್ಲೇ ಕೂತಿದ್ದ ದೋಣಿಯ ಮಾಲೀಕ ದಾದಾನ ಕಿವಿಯಲ್ಲಿ ವಾದಕ್ಕಿಳಿದೆ. "ನಿನ್ನೆ ಕೆಲಸ ಕೇಳಿ ಬಂದವನ ತೋಳು ನೋಡಿದ್ರಾ? ಅವನನ್ನು ಕಳಿಸಿ ಇವನನ್ನು ಕೂರಿಸಿದ್ದೀರಲ್ಲ, ಒಂದು ಬೆಳಗಲ್ಲಿ ಸ್ವಭಾವ ಅಳೆಯೋಕಾಗುತ್ತಾ?"

"ಅವನು ಅಸ್ಥಿ ತಂದವರಿಗೆ 'ಜಲ್ದಿ ಕೀಜಿಯೇ, ಬೇಗ ಮುಗಿಸಿ' ಅಂದ, ಬಿಟಿಯಾ. ತೋಳು ನಾನು ಬೆಳೆಸ್ತೀನಿ. ನೀನು ಸ್ವಲ್ಪ ಚುಪ್ ರಹೋ!"

ಬಹಳ ಹೊತ್ತಿನ ಮೇಲೆ ಅಮ್ಮ ತಾವಾಗಿಯೇ ಬಾಗಿ ಮಡಕೆಯನ್ನು ನೀರಿಗೆ ಬಿಟ್ಟರು. "ಹೋಗೋಣಪ್ಪಾ" ಎಂದರು. ಕನ್ನಡದ ಒಂದಕ್ಷರ ಬಾರದ ಮುನ್ನಾ, ನಾನು ಬಾಯಿ ತೆರೆಯುವ ಮೊದಲೇ ಹುಟ್ಟು ಎತ್ತಿಕೊಂಡ. ದಡ ಮುಟ್ಟಿದಾಗ ದಾದಾ ಅವನಿಗೆ ನಾಳೆಯಿಂದ ಬಾ ಎಂದ.

ಒಂದು ಬೆಳಗು ಒಬ್ಬ ಮನುಷ್ಯನಿಗೆ ಸಾಕ್ಷಿಯಾಗದು ಎಂಬ ವಾದವನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ "ಹೊತ್ತಾಯ್ತು ಅಮ್ಮಾ" ಎಂಬ ಮಾತು ಆಗ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆ ಕೆಲಸ ನನಗಂತೂ ಸಿಗುತ್ತಿರಲಿಲ್ಲ.